ವರ್ಷವಿಡೀ ಹತ್ತರಿಂದ ಐದೂವರೆ

‘ಸೋಮವಾರ ಬಿಟ್ಟು ವರ್ಷವಿಡೀ, ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆ.’ ಇದು ನಾನು ಬರೆದ ಸಾಲು. ಕಲಬುರಗಿಯ ಒಂದು ಚಿತ್ರ ಸಂಗ್ರಹಾಲಯದ ವೆಬ್‌ಸೈಟಿನಲ್ಲಿ, ಮೊದಲ ಪುಟದ ಬಲಗಡೆ, ಕಣ್ಣಿಗೆ ಥಟ್ಟನೆ ಬೀಳುವ ಜಾಗದಲ್ಲಿ ಅದನ್ನು ದಪ್ಪಕ್ಷರದಲ್ಲಿ ಕೂರಿಸಿದ್ದೆ. ಕವಿತೆ ಬರೆದವರು ತಮ್ಮ ಸಾಲನ್ನು ಮತ್ತೆ ಮತ್ತೆ ಓದಿಕೊಳ್ಳುವಂತೆ ನಾನು ಇದನ್ನು ಓದಿಕೊಂಡಿದ್ದೇನೆ. ಒಂದು ಪದವೂ ಹೆಚ್ಚಿಲ್ಲ ಎಂಬ ಹೆಮ್ಮೆ ಬೇರೆ. ಅದರಲ್ಲಿ ಒಂದು ಪದ ಸುಳ್ಳು ಎಂಬುದು ಆಗಲೇ ನನಗೆ ಗೊತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನನ್ನದೊಂದು ಕಂಪ್ಯೂಟರ್ ಕ್ಲಾಸು. ಕಲಬುರಗಿಯ ಗಾಜಿಪುರ ಓಣಿಯಲ್ಲಿ ಒಂದು ಮಾಳಿಗೆಯ ಮೇಲೆ ಎಂಟು ಕಂಪ್ಯೂಟರ್, ಎಂಟಕ್ಕೂ ದೂಳು ಮುಸುಕು. ಊರಲ್ಲಿ ವೆಬ್‌ಸೈಟ್ ಮಾಡಬಲ್ಲವರು ಬೆರಳೆಣಿಕೆಯಷ್ಟು, ಅದರಲ್ಲಿ ನಾನೂ ಒಂದು ಬೆರಳು. ಸಂಗ್ರಹಾಲಯದ ಕಾರ್ಯದರ್ಶಿಗಳು, ಒಬ್ಬ ನಿವೃತ್ತ ಪ್ರಾಧ್ಯಾಪಕರು, ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಾ ಕೂತರು. ತಮ್ಮ ವೆಬ್‌ಸೈಟ್ ತೆರೆದರೆ ಯಾರಿಗೂ ಏನೂ ಸಿಗುವುದಿಲ್ಲ, ಬರುವ ಜನಕ್ಕೆ ಸುಲಭವಾಗುವಂತೆ ಹೊಸದಾಗಿ ಮಾಡಿಕೊಡಿ ಎಂದರು.

ಹಳೆಯದನ್ನು ತೆರೆದು ನೋಡಿದೆ. ಯಾರು ಮಾಡಿದ್ದರೋ, ತುಂಬ ಉತ್ಸಾಹದಿಂದ ಮಾಡಿದ್ದರು. ಮೇಲೆ ‘ಸುಸ್ವಾಗತ’ ಎಂಬುದು ಎಡದಿಂದ ಬಲಕ್ಕೆ ಓಡುತ್ತಿತ್ತು. ಎರಡೂ ಬದಿಗೆ ದೀಪ ಉರಿಯುತ್ತಿತ್ತು. ಅಧ್ಯಕ್ಷರ ಫೋಟೊ, ಅಧ್ಯಕ್ಷರ ಸಂದೇಶ, ಉದ್ಘಾಟನೆಯ ದಿನ ಅಧ್ಯಕ್ಷರು ಕತ್ತರಿ ಹಿಡಿದ ಫೋಟೊ. ಚಿತ್ರ ನೋಡಬೇಕೆಂದವನು ಅಧ್ಯಕ್ಷರನ್ನು ಮೂರು ಸಲ ದಾಟಿ ಹೋಗಬೇಕಿತ್ತು. ಎಲ್ಲಕ್ಕೂ ಕೆಳಗೆ, ಪುಟದ ತಳದಲ್ಲಿ, ಒಂದು ಒಡ್ಡೊಡ್ಡಾದ ಕೋಷ್ಟಕ: ಯಾವ ವಾರ ರಜೆ, ಶಾಲೆಯ ಮಕ್ಕಳು ಬರುವುದಾದರೆ ಏನು ಮಾಡಬೇಕು, ಮಳೆಗಾಲ ಚಳಿಗಾಲದಲ್ಲಿ ಯಾವ ವೇಳೆ, ಏಪ್ರಿಲ್ ಮೇ ತಿಂಗಳಲ್ಲಿ ಯಾವ ವೇಳೆ. ಕಾಗುಣಿತ ತಪ್ಪಿತ್ತು, ಗೆರೆಗಳು ವಕ್ರವಿದ್ದವು. ಆದರೆ ಎಲ್ಲವೂ ಇತ್ತು.

ಈ ಭಾಗದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆ ಬಂತೆಂದರೆ ನಮ್ಮ ಕಡೆ ಕಚೇರಿಗಳ ಗಡಿಯಾರವೇ ಬೇರೆ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದು ಮಧ್ಯಾಹ್ನ ಒಂದೂವರೆಗೆ ಹಾಕಿಬಿಡುತ್ತಾರೆ. ಆಮೇಲೆ ರಸ್ತೆಯಲ್ಲಿ ನಾಯಿಯೂ ಓಡಾಡುವುದಿಲ್ಲ. ಸಂಗ್ರಹಾಲಯ ಸರ್ಕಾರದ್ದಲ್ಲ, ಆದರೂ ಅದೂ ಬಹಳ ವರ್ಷದಿಂದ ಅದೇ ರೂಢಿಯಲ್ಲಿ ನಡೆಯುತ್ತಿತ್ತು.

ನಾನು ಕೆಲಸವನ್ನು ಮನಸ್ಸಿಟ್ಟು ಮಾಡಿದೆ, ಅದನ್ನು ಹೇಳಲೇಬೇಕು. ಎರಡು ದಿನ ಸಂಗ್ರಹಾಲಯದ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು, ಬಂದವರು ಮೊದಲು ಏನು ಕೇಳುತ್ತಾರೆಂದು ಬರೆದುಕೊಂಡೆ. ಎಷ್ಟೊತ್ತಿನ ತನಕ ಇರುತ್ತದೆ, ಟಿಕೆಟ್ ಉಂಟೋ ಇಲ್ಲವೋ, ಕೋಟೆ ನೋಡಿಕೊಂಡು ಇಲ್ಲಿಗೆ ಬರಲು ಯಾವ ಬಸ್ಸು, ಕುಡಿಯುವ ನೀರೆಲ್ಲಿ. ಚಿತ್ರದ ಬಗ್ಗೆ ಕೇಳಿದವರು ಕಡಿಮೆ. ಆ ಪಟ್ಟಿ ಹಿಡಿದು ಪುಟಗಳನ್ನು ಕಡಿಯತೊಡಗಿದೆ. ಓಡುವ ಸ್ವಾಗತ ನಿಂತಿತು, ದೀಪ ಆರಿತು, ಅಧ್ಯಕ್ಷರು ಒಂದೇ ಫೋಟೊಗೆ ಇಳಿದರು. ಅವರು ಸಿಟ್ಟಾದರು, ಕಾರ್ಯದರ್ಶಿಗಳು ಸಮಾಧಾನ ಮಾಡಿದರು. ಅಳಿಸುವುದರಲ್ಲಿ ಒಂದು ಸುಖವಿದೆ. ಅಳಿಸುತ್ತಾ ಹೋದಂತೆ ಬಿಳಿ ಜಾಗ ಹೆಚ್ಚಿ, ನಾನೇ ಜಾಣ ಅನ್ನಿಸುತ್ತಿತ್ತು. ಅದೇ ಭರದಲ್ಲಿ ಆ ಕೋಷ್ಟಕವೂ ಹೋಯಿತು. ಎರಡು ವೇಳೆ ಕೊಟ್ಟರೆ ಹೊರಗಿನವರಿಗೆ ಗೊಂದಲ, ಊರಿನವರಿಗೆ ಹೇಗೂ ಗೊತ್ತು. ಒಂದೇ ಸಾಲು ಸಾಕು ಎಂದುಕೊಂಡೆ.

ಸಂಗ್ರಹಾಲಯದಲ್ಲಿ ಒಬ್ಬ ಕಾವಲುಗಾರರಿದ್ದರು. ಮನೆಯಲ್ಲಿ ದಖನಿ ಮಾತು, ನಮ್ಮ ಜೊತೆ ಎರಡೂ ಬೆರೆಸಿದ ಕನ್ನಡ. ಬೀಗ ತೆಗೆಯುವುದು, ಗೋಡೆಗೆ ಚಿತ್ರ ತೂಗುಹಾಕುವುದು, ಬಂದವರಿಗೆ ತೋರಿಸುವುದು, ಎಲ್ಲ ಅವರೇ. ಹೊಸ ಪುಟವನ್ನು ಕಾರ್ಯದರ್ಶಿಗಳ ಕಂಪ್ಯೂಟರಿನಲ್ಲಿ ತೋರಿಸಿದ ದಿನ ಎಲ್ಲರೂ ಬಾಯ್ತುಂಬ ಹೊಗಳಿದರು. ಅವರು ಮಾತ್ರ ಹಿಂದೆ ನಿಂತು, ಕನ್ನಡಕ ಏರಿಸಿ, ಕೊನೆಗೆ ಒಂದೇ ಮಾತು ಕೇಳಿದರು.

“ಸಾಹೇಬ್ರ, ಧುಪ್‌ಕಾಲಾದ ಟೈಮ್ ಎಲ್ಲಿ ಹೋತ್ರಿ?”

ಬೇಸಿಗೆಯ ವೇಳೆ ತಾನೆ, ಏಪ್ರಿಲ್ ಬರಲಿ, ಒಂದನೇ ತಾರೀಖಿಗೆ ಬದಲಿಸುತ್ತೇನೆ ಎಂದೆ. ಅವರು ತಲೆಯಾಡಿಸಿದರು. ಆಗ ಕನ್ನಡ ಅಕ್ಷರ ಬೇರೆಯವರ ಕಂಪ್ಯೂಟರಿನಲ್ಲಿ ನೆಟ್ಟಗೆ ಮೂಡುತ್ತಿರಲಿಲ್ಲ, ಬರೀ ಚೌಕಗಳಾಗಿ ಕಾಣುತ್ತಿತ್ತು. ಅದಕ್ಕೇ ಪ್ರತಿ ಕನ್ನಡ ಸಾಲನ್ನೂ ಒಂದು ಚಿತ್ರವಾಗಿ ಮಾಡಿ ಅಂಟಿಸುತ್ತಿದ್ದೆವು. ಒಂದು ಅಂಕಿ ಬದಲಾಗಬೇಕೆಂದರೆ ಇಡೀ ಸಾಲನ್ನು ಮತ್ತೆ ಮಾಡಬೇಕು. ವರ್ಷಕ್ಕೆರಡು ಸಲ ಈ ತಲೆನೋವು ಯಾರಿಗೆ ಬೇಕು ಎಂಬುದು ನನ್ನ ಮನಸ್ಸಿನಲ್ಲಿದ್ದ ನಿಜವಾದ ಕಾರಣ. ಬಾಯಲ್ಲಿ ಬಂದದ್ದು ಏಪ್ರಿಲ್‌ನ ಮಾತು.

ಇನ್ನು ಈ ಕತೆಯಲ್ಲಿ ಬರಬೇಕಾದವರು ನಮ್ಮ ಡ್ರಾಯಿಂಗ್ ಸರ್.

ನಾನು ಹುಟ್ಟಿದ್ದು ಕಮಲಾಪುರದಲ್ಲಿ. ಎಂಬತ್ತರ ದಶಕದಲ್ಲಿ ಅಲ್ಲಿಯ ಹೈಸ್ಕೂಲಿನಲ್ಲಿ ಓದಿದೆ. ವಾರಕ್ಕೆರಡು ಡ್ರಾಯಿಂಗ್ ಪಿರಿಯಡ್ ಇರುತ್ತಿತ್ತು. ಸರ್ ಒಳಗೆ ಬಂದ ಕೂಡಲೇ ಒಂದು ಬಿಸ್ಕೀಟಿನ ಡಬ್ಬಿ ತೆರೆದು ಮೇಜಿನ ಮೇಲಿಡುತ್ತಿದ್ದರು. ನಾವು ಸಾಲಾಗಿ ಬಂದು ನಮ್ಮ ನಮ್ಮ ರಬ್ಬರನ್ನು ಅದರೊಳಗೆ ಹಾಕಬೇಕು. ರಬ್ಬರ್ ಬೇಕೆಂದವನು ಚಿತ್ರ ಹಿಡಿದುಕೊಂಡು ಅವರ ಹತ್ತಿರ ಹೋಗಿ, ಯಾವ ಗೆರೆ ಅಳಿಸುತ್ತೇನೆ, ಯಾಕೆ ಅಳಿಸುತ್ತೇನೆ ಎಂದು ಹೇಳಿ ಪಡೆಯಬೇಕು. ನಾವೆಲ್ಲ ಹೇಳುತ್ತಿದ್ದ ಉತ್ತರ ಒಂದೇ: “ಚಂದ ಕಾಣ್ಲಿ ಅಂತ ಸರ್.” ಅವರು ತಲೆ ಎತ್ತದೆ, “ಯಾರಿಗೆ?” ಎನ್ನುತ್ತಿದ್ದರು. ರಬ್ಬರಿಲ್ಲದೆ ವಾಪಸು ಬಂದು ಕೂರುತ್ತಿದ್ದೆವು. ಅವರ ಬೆನ್ನ ಹಿಂದೆ ‘ಯಾರಿಗೆ ಸರ್’ ಎಂದೇ ಹೆಸರಿಟ್ಟಿದ್ದೆವು. ಅವರ ಕಿವಿಗೂ ಅದು ಬಿದ್ದಿತ್ತು.

ಮೊದಲ ಪುಟ ಏರಿದ ಮೇಲೆ, ಒಳಪುಟಗಳಿಗಾಗಿ ಗೋಡೆಯ ಚಿತ್ರಗಳ ಫೋಟೊ ತೆಗೆಯುತ್ತಾ ಎರಡನೇ ಕೋಣೆಗೆ ಬಂದಾಗ, ಕಿಟಕಿಯ ಪಕ್ಕದ ಒಂದು ಜಲವರ್ಣ ಚಿತ್ರದ ಮೂಲೆಯಲ್ಲಿ ಸರ್ ಅವರ ರುಜು ಕಂಡಿತು. ಕಮಲಾಪುರದ ಸಂತೆ. ಕೆಂಪು ಬಾಳೆಯ ಗೊನೆಗಳನ್ನು ಗೋಡೆಗೆ ಒರಗಿಸಿಟ್ಟಿದ್ದಾರೆ, ಮುಂದೆ ಒಬ್ಬ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಕೂತಿದ್ದಾಳೆ. ಗೊನೆಗಳ ಕೆಂಪು ಗೋಡೆಯ ಮೇಲೆ ನಸುವಾಗಿ ಬಿದ್ದಿದೆ. ಆ ಗೋಡೆ ನಮ್ಮ ಶಾಲೆಯ ಗೋಡೆ. ನಾನು ಕ್ಯಾಮೆರಾ ಕೆಳಗಿಟ್ಟೆ. ಕಾವಲುಗಾರರನ್ನು ಕೇಳಿದಾಗ ಅವರು ಅದರ ಪೂರ್ವೋತ್ತರ ಹೇಳಿದರು. ಡ್ರಾಯಿಂಗ್ ಮಾಸ್ತರರ ಪ್ರದರ್ಶನವೊಂದು ಹಿಂದೆ ಯಾವಾಗಲೋ ಆಗಿತ್ತು, ಚಿತ್ರ ಅಲ್ಲಿಂದ ಬಂದದ್ದು. ಜಾಗವಿಲ್ಲದೆ ಇಪ್ಪತ್ತು ವರ್ಷ ಕಪಾಟಿನಲ್ಲೇ ಇತ್ತು. ಹೊಸ ಕೋಣೆ ಆದ ಮೇಲೆ ಅವರೇ ತೆಗೆದು ತೂಗುಹಾಕಿದ್ದರು.

ಆ ವಾರವೇ, ಫೆಬ್ರವರಿಯ ಕೊನೆಯಲ್ಲಿ, ಕಮಲಾಪುರಕ್ಕೆ ಹೋದೆ. ಸರ್ ನಿವೃತ್ತರಾಗಿ ಬಹಳ ವರ್ಷವಾಗಿತ್ತು, ಹೆಂಡತಿ ತೀರಿಕೊಂಡಿದ್ದರು. ಮಗಳು ಒಂದು ಬ್ಯಾಂಕಿನಲ್ಲಿ ಕೆಲಸದಲ್ಲಿದ್ದು, ಅಲ್ಲಿಂದಲೇ ದಿನಾ ಕಲಬುರಗಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಚಿತ್ರ ಗೋಡೆಗೆ ಬಂದಿದೆ ಎಂದು ಸರ್‌ಗೆ ಹೇಳಿದೆ. ಯಾವ ಎತ್ತರಕ್ಕೆ ಹಾಕಿದ್ದಾರೆ, ಬೆಳಕು ಯಾವ ಕಡೆಯಿಂದ ಬೀಳುತ್ತದೆ, ಪಕ್ಕದಲ್ಲಿ ಯಾರ ಚಿತ್ರವಿದೆ ಎಂದು ಒಂದೊಂದಾಗಿ ಕೇಳಿದರು. ತಮ್ಮ ಚಿತ್ರ ಗೋಡೆಯ ಮೇಲೆ ಇದ್ದುದನ್ನು ಅವರು ಯಾವತ್ತೂ ನೋಡಿರಲಿಲ್ಲ. ಪ್ರದರ್ಶನದ ದಿನ ಅವರಿಗೆ ಪರೀಕ್ಷೆಯ ಡ್ಯೂಟಿ ಬಿದ್ದಿತ್ತಂತೆ.

“ನಾ ಹೋಗಿ ನೋಡ್ಕೊಂಡು ಬರ್ತೀನಿ. ನೀ ಅಲ್ಲಿ ಯಾರಿಗೂ ಹೇಳಬ್ಯಾಡ. ಎಲ್ಲರಂಗ ಹೋಗಿ ನಿಂತು ನೋಡೋದದ,” ಎಂದರು. ಆಮೇಲೆ ಕೇಳಿದರು, “ಯಾವಾಗ ತೆರದಿರ್ತದ ತಮ್ಮಾ?”

ಇಲ್ಲಿ ನಾನು ‘ಒಂದು ದಿನ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಸರ್’ ಎನ್ನಬೇಕಿತ್ತು. ಯಾರಾದರೂ ಹಾಗೆ ಅನ್ನುತ್ತಿದ್ದರು. ನನಗೆ ಆಗ ನನ್ನ ಪುಟಗಳ ಹುಚ್ಚು. ಎಲ್ಲಾ ವೆಬ್‌ಸೈಟಿನಲ್ಲಿದೆ ಸರ್, ನಾನೇ ಮಾಡಿದ್ದು, ಮಗಳಿಗೆ ಹೇಳಿ, ಒಂದೇ ನಿಮಿಷದಲ್ಲಿ ಸಿಗುತ್ತದೆ ಎಂದೆ. ವಿಳಾಸವನ್ನು ಚೀಟಿಯಲ್ಲಿ ಬರೆದೂ ಕೊಟ್ಟೆ. ಅವರು ಚೀಟಿಯನ್ನು ಕಣ್ಣಿಗೆ ತೀರಾ ಹತ್ತಿರ ತಂದು ಓದಿದರು. ಚಹಾದ ಕಪ್ಪನ್ನು ತೆಗೆದುಕೊಳ್ಳುವಾಗ ಕೈ ಮೇಜಿನ ಮೇಲೆ ಸ್ವಲ್ಪ ತಡವರಿಸಿತು. ವಯಸ್ಸು ಎಂದುಕೊಂಡೆ. ಚಿತ್ರಗಾರನ ಕಣ್ಣಿಗೆ ಏನಾಗಿದೆ ಎಂದು ಕೇಳುವಷ್ಟು ಬುದ್ಧಿ ನನಗೆ ಬರಲಿಲ್ಲ.

ಏಪ್ರಿಲ್ ಬಂತು. ಶಾಲೆಗಳಿಗೆ ರಜೆ, ಕಂಪ್ಯೂಟರ್ ಕ್ಲಾಸಿನವರಿಗೆ ಅದೇ ಸುಗ್ಗಿ. ಬೆಳಿಗ್ಗೆ ಆರಕ್ಕೆ ಮೊದಲ ಬ್ಯಾಚು. ತಲೆ ಎತ್ತಲು ಪುರುಸೊತ್ತಿಲ್ಲ. ಒಂದನೇ ತಾರೀಖು ಬಂದದ್ದೂ ಹೋದದ್ದೂ ತಿಳಿಯಲಿಲ್ಲ ಎಂದು ಬರೆಯಬೇಕೆಂದಿದ್ದೆ. ಅದು ಪೂರ್ತಿ ನಿಜವಲ್ಲ. ತಿಂಗಳ ಮೊದಲ ವಾರದಲ್ಲಿ ಕಾವಲುಗಾರರು ರಸ್ತೆಯಲ್ಲಿ ಸಿಕ್ಕಿ ನೆನಪಿಸಿದ್ದರು. ಮಾಡುತ್ತೇನೆ ಎಂದಿದ್ದೆ. ಅರ್ಧ ಗಂಟೆಯ ಕೆಲಸ. ಬೇಸಿಗೆಯಲ್ಲಿ ಈ ಊರಿಗೆ ಚಿತ್ರ ನೋಡಲು ಯಾರು ಬರುತ್ತಾರೆ ಎಂದುಕೊಂಡು ಬಿಟ್ಟುಬಿಟ್ಟೆ.

ಶ್ರಾವಣದಲ್ಲಿ ಒಂದು ಭಾನುವಾರ ಮತ್ತೆ ಕಮಲಾಪುರಕ್ಕೆ ಹೋದೆ. ಸರ್ ಬರೆದ ಚಿತ್ರದ ಪುಟವನ್ನು ಬಣ್ಣದಲ್ಲಿ ಮುದ್ರಿಸಿ, ಪ್ಲಾಸ್ಟಿಕ್ ಹೊದಿಸಿ ಒಯ್ದಿದ್ದೆ. ಅವರು ಅಂಗಳದ ಕಟ್ಟೆಯ ಮೇಲೆ ಕೂತಿದ್ದರು. ನಾನು ಎದುರಿಗೆ ನಿಂತರೂ ಮುಖ ತಿರುಗಿಸಲಿಲ್ಲ. ನಮಸ್ಕಾರ ಸರ್ ಎಂದ ಮೇಲೆ ದನಿ ಹಿಡಿದು ನನ್ನ ಹೆಸರು ಹೇಳಿದರು. ಕೈಗೆ ಕೊಟ್ಟ ಹಾಳೆಯನ್ನು ಹಿಂದೆ ಮುಂದೆ ಸವರಿ, ಪ್ಲಾಸ್ಟಿಕ್ ಯಾಕೆ ಹಾಕಿಸಿದೆ ಎಂದು ಕೇಳಿದರು. ಹಾಳೆ ತಲೆಕೆಳಗಾಗಿತ್ತು.

ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಸತ್ತಿದೆ ಎಂದು ಅವರೇ ಹೇಳಿದರು, ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ. ಚಳಿಗಾಲದಲ್ಲೇ ಬಲಗಣ್ಣು ಹೋಗಿತ್ತು. ಎಡಗಣ್ಣಿನ ನಡುವೆ ಒಂದಿಷ್ಟು ಜಾಗ ಮಾತ್ರ ಉಳಿದಿತ್ತು, ಈಗ ಅದೂ ಇಲ್ಲ. ಬೆಳಕು ಕತ್ತಲೆ ಗೊತ್ತಾಗುತ್ತದೆ, ಅಷ್ಟೇ. ಚಿತ್ರ ನೋಡಿದಿರಾ ಸರ್ ಎಂದು ಕೇಳಿಯೇಬಿಟ್ಟೆ. ಬೇಸಿಗೆಯಲ್ಲಿ ಹೋಗಿದ್ದೆವು, ಬಾಗಿಲು ಹಾಕಿತ್ತು ಎಂದರು. ಮುಂದಿನ ಭಾನುವಾರ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದೆ. ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಹೂಂ ಎಂದರು.

ಹೋದೆವು. ಸರ್, ಅವರ ಮಗಳು, ನಾನು. ಕಾವಲುಗಾರರು ಬಾಗಿಲಲ್ಲೇ ಕಾಯುತ್ತಿದ್ದರು. ಸರ್ ಅವರ ಕೈ ಹಿಡಿದು ಎರಡನೇ ಕೋಣೆಗೆ ಅವರೇ ಕರೆದೊಯ್ದರು. ಚಿತ್ರ ಮುಟ್ಟಬಾರದು ಎಂಬ ಫಲಕವನ್ನು ಬರೆಸಿದವರೇ ಅವರು. ಆ ದಿನ ಅವರೇ ಸರ್ ಅವರ ಎರಡೂ ಕೈಗಳನ್ನು ಎತ್ತಿ ಚೌಕಟ್ಟಿನ ಮೇಲಿಟ್ಟರು. ಸರ್ ಅಂಚನ್ನು ಗೇಣು ಹಾಕಿ ಅಳೆದರು, ಕಿಟಕಿಯ ಕಡೆ ಮುಖ ತಿರುಗಿಸಿ ಬೆಳಕು ಎಲ್ಲಿಂದ ಬರುತ್ತದೆಂದು ನೋಡಿದರು. ಎತ್ತರ ಸರಿಯಿದೆ ಎಂದರು. ಪಕ್ಕದ ಚಿತ್ರ ಯಾವುದು ಎಂದು ಕೇಳಿದರು. ನಾನು ವಿವರಿಸತೊಡಗಿದೆ. ವಿವರಿಸುವುದು ನನಗೆ ಬರಲಿಲ್ಲ. ಆ ಕೋಣೆಯ ಪ್ರತಿ ಚಿತ್ರವನ್ನೂ ಅಂಗೈಯಗಲಕ್ಕೆ ಇಳಿಸಿ ಸಾಲಾಗಿ ಕೂರಿಸಿದವನು ನಾನು, ಆದರೆ ಯಾವುದನ್ನೂ ನಿಂತು ನೋಡಿರಲಿಲ್ಲ. ಅವರು ನಡುವೆ ನಿಲ್ಲಿಸಿ, ತಮ್ಮ ಚಿತ್ರದ ಹೆಂಗಸಿನ ಸೆರಗಿನ ನೀಲಿ ಮಾಸಿದೆಯೇ ಎಂದು ಕೇಳಿದರು. ಕಾವಲುಗಾರರು ಮಾಸಿಲ್ಲ ಎಂದರು. ಸ್ವಲ್ಪ ಮಾಸಿತ್ತು.

ಸರ್ ಅಲ್ಲೇ ಬೆಂಚಿನ ಮೇಲೆ ಕೂತರು. ನೀರು ತರಲು ಹೊರಗೆ ಹೋದಾಗ ಅವರ ಮಗಳು ನನ್ನ ಹಿಂದೆಯೇ ಬಂದರು. ಏಪ್ರಿಲ್‌ನ ಆ ದಿನ ಏನಾಯಿತೆಂದು ಅವರಿಂದ ತಿಳಿಯಿತು. ಮಾರ್ಚಿನಲ್ಲಿ ಬ್ಯಾಂಕಿಗೆ ವರ್ಷಾಂತ್ಯದ ಕೆಲಸ, ರಜೆ ಸಿಕ್ಕಿರಲಿಲ್ಲ. ಏಪ್ರಿಲ್‌ನಲ್ಲಿ ಒಂದು ದಿನ ರಜೆ ತೆಗೆದು ಅಪ್ಪನನ್ನು ಕರೆತಂದರು. ಕಣ್ಣಿನ ಡಾಕ್ಟರು ಭಾನುವಾರ ಬಿಟ್ಟು ಉಳಿದ ದಿನ ಸಂಜೆ ಸಿಗುತ್ತಿದ್ದರು. ಅಲ್ಲಿ ಔಷಧಿ ಬಿಟ್ಟರೆ ಕಣ್ಣು ಮಂಜಾಗುತ್ತದೆ, ಅದಕ್ಕೇ ಮೊದಲು ಚಿತ್ರ, ಆಮೇಲೆ ಡಾಕ್ಟರು ಎಂದು ಸರ್ ತಾವೇ ಲೆಕ್ಕ ಹಾಕಿದ್ದರು. ಮಧ್ಯಾಹ್ನದ ಬಸ್ಸಿಗೆ ಹೊರಟು ಮೂರರ ಹೊತ್ತಿಗೆ ಇಲ್ಲಿಗೆ ಬಂದರು. ಗೇಟಿಗೆ ಬೀಗ. ಯಾರಾದರೂ ಬರುತ್ತಾರೆಂದು ಹೊರಗಿನ ಬೇವಿನ ಗಿಡದ ಕೆಳಗೆ ಒಂದು ತಾಸು ಕೂತರು. ಚಹಾದಂಗಡಿಯವನು ಬಂದು ಈಗೆಲ್ಲ ಒಂದೂವರೆಗೇ ಬಂದ್ ಎಂದ ಮೇಲೆ ಎದ್ದರು. ಅಷ್ಟರಲ್ಲಿ ಬಿಸಿಲು ಬಡಿದು ಸರ್‌ಗೆ ವಾಂತಿ ಶುರುವಾಗಿತ್ತು. ಡಾಕ್ಟರ ಕಡೆ ಹೋಗಲೂ ಆಗಲಿಲ್ಲ. ತಿಂಗಳೊಪ್ಪತ್ತು ಹಾಸಿಗೆ ಹಿಡಿದರು. ಎದ್ದಾಗ ಎಡಗಣ್ಣಿನಲ್ಲಿ ಉಳಿದಿದ್ದ ಆ ಜಾಗವೂ ಮುಚ್ಚುತ್ತಾ ಬಂದಿತ್ತು.

ಅಂದು ಡಾಕ್ಟರು ನೋಡಿದ್ದರೂ ಕಣ್ಣು ಉಳಿಯುತ್ತಿರಲಿಲ್ಲವಂತೆ, ಅದನ್ನೂ ಮಗಳೇ ಹೇಳಿದರು. ನಾನು ಸರ್ ಅವರ ಕಣ್ಣು ಕಳೆದೆ ಎಂದು ಹೇಳಿಕೊಳ್ಳುತ್ತಿಲ್ಲ. ಕಣ್ಣು ಇನ್ನೂ ಇದ್ದ ಒಂದು ಮಧ್ಯಾಹ್ನವನ್ನು ಕಳೆದೆ.

ನಿಮಗೆ ಬೇಸಿಗೆಯ ವೇಳೆ ನೆನಪಾಗಲಿಲ್ಲವೇ ಎಂದು ಕೇಳಿದೆ. ಕೇಳಬಾರದಿತ್ತು. ನನ್ನ ತಪ್ಪಿನಲ್ಲಿ ಒಂದಿಷ್ಟನ್ನು ಅವರ ತಲೆಗೂ ಕಟ್ಟುವ ಆಸೆ ಅದರಲ್ಲಿತ್ತು.

ಅವರು ಬೇಸರವಿಲ್ಲದೆ ಹೇಳಿದರು. “ನನಗ ನೆನಪಾಗಿತ್ರಿ ಅಣ್ಣಾ. ಅಪ್ಪಾ, ಈಗ ಬ್ಯಾಸಿಗಿ ಟೈಮ್ ಇರಬಹುದು, ಮುಂಜಾನಿ ಹೋಗೋಣು ಅಂದೆ. ವೆಬ್‌ಸೈಟಿನ್ಯಾಗ ಏನದ ಓದು ಅಂದ್ರು. ವರ್ಷವಿಡೀ ಅಂತ ಅದ ಅಂದೆ. ಹಂಗಾರ ತೆರದಿರ್ತದ, ಅವ ನನ್ನ ಹುಡುಗ, ಬ್ಯಾರೆ ಟೈಮ್ ಇದ್ದಿದ್ರ ಬರೀತಿದ್ದ ಅಂದ್ರು.”

ನೀರಿನ ಲೋಟ ಹಿಡಿದು ಅಲ್ಲೇ ನಿಂತೆ. ಆ ಮಾತನ್ನು ಕೇಳಿ ಇಷ್ಟು ವರ್ಷವಾಯಿತು, ಇವತ್ತಿಗೂ ಅದು ಮುಳ್ಳಿನಂತೆ ಒಳಗೇ ಇದೆ. ಬೈದಿದ್ದರೆ ಹೊರಗೆ ಬರುತ್ತಿತ್ತೋ ಏನೋ.

ಒಳಗೆ ಹೋಗಿ ಸರ್ ಪಕ್ಕದಲ್ಲಿ ಕೂತೆ. ಕಾವಲುಗಾರರು ಎದುರಿಗೇ ನಿಂತಿದ್ದರು, ಸುಳ್ಳು ಹೇಳುವಂತಿರಲಿಲ್ಲ. ಹೇಳುವ ಮನಸ್ಸೂ ಇರಲಿಲ್ಲ. ಬೇಸಿಗೆಯ ವೇಳೆ ಹಳೆಯ ಪುಟದಲ್ಲಿ ಇತ್ತು ಸರ್, ನಾನೇ ಅಳಿಸಿದೆ, ಇವರು ಎರಡು ಸಲ ಹೇಳಿದರೂ ಮತ್ತೆ ಹಾಕಲಿಲ್ಲ ಎಂದೆ. ಸರ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನ ಕುಡಿದರು. ಕುಡಿದಾದ ಮೇಲೆ ಹಳೆಯ ದನಿಯಲ್ಲೇ ಕೇಳಿದರು.

“ಯಾಕ ಅಳಿಸಿದಿ?”

ಬೇರೆ ಏನೇನೋ ಹೇಳಬಹುದಿತ್ತು. ಗೊಂದಲವಾಗುತ್ತದೆಂದು, ಜನಕ್ಕೆ ಸುಲಭವಾಗಲೆಂದು, ಅಕ್ಷರದ ಸಾಲನ್ನು ಮತ್ತೆ ಮಾಡುವುದು ಕಷ್ಟವೆಂದು. ಬಾಯಿಗೆ ಬಂದದ್ದು ಹೈಸ್ಕೂಲಿನ ಉತ್ತರವೇ.

“ಚಂದ ಕಾಣ್ಲಿ ಅಂತ ಸರ್.”

ಮುಂದಿನ ಪ್ರಶ್ನೆಗಾಗಿ ಕಾದೆ. ಆ ಪ್ರಶ್ನೆಯನ್ನು ಅವರು ಕೇಳಿಬಿಡಲಿ ಎಂದು ಎಷ್ಟು ಬಯಸಿದೆನೋ. ಅವರು ಕೇಳಲಿಲ್ಲ. ಖಾಲಿ ಲೋಟವನ್ನು ನನ್ನ ಕೈ ಎಲ್ಲಿದೆಯೆಂದು ತಡಕಿ ನನಗೇ ಕೊಟ್ಟು, ಕಮಲಾಪುರಕ್ಕೆ ಮುಂದಿನ ಬಸ್ಸು ಎಷ್ಟಕ್ಕೆ ಎಂದು ಮಗಳನ್ನು ಕೇಳಿದರು.